ಹಗೇವಿನಲ್ಲಿಟ್ಟ ಸಾಕೆ ಬಾಟಲಿ

ಮಧ್ಯಾಹ್ನ ಹನ್ನೆರಡೂ ಇಪ್ಪತ್ತು. ಭಾವ ಕೈಗಡಿಯಾರ ಬಿಚ್ಚಿ ನನ್ನ ಕೈಗಿತ್ತು ಹಗೇವಿಗೆ ಇಳಿದಾಗ ಅದು ತೋರಿಸುತ್ತಿದ್ದ ಹೊತ್ತು. ಆ ಮುಳ್ಳುಗಳು ಈಗಲೂ ಕಣ್ಣ ಮುಂದಿವೆ.

ಎಂಬತ್ತರ ದಶಕದ ಆರಂಭ. ಕೃಷಿ ಪದವಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಹೊನ್ನಾಳಿ, ಚನ್ನಗಿರಿ ಕಡೆಯ ಗದ್ದೆಗಳಲ್ಲಿ ನಾಟಿ ಯಂತ್ರ ತೋರಿಸಲು ಬಂದಿದ್ದ ಜಪಾನಿನ ಹಿರಿಯರೊಬ್ಬರ ಜೊತೆ ಓಡಾಡುವುದು ನನ್ನ ಪಾಲಿಗೆ ಬಂತು. ಅವರದು ಅಕ್ಕಿಯಿಂದ ಸಾಕೆ ಎಂಬ ಮದ್ಯ ತಯಾರಿಸುವ ಮನೆತನ. ಊರಿಗೆ ಹೊರಡುವ ಮೊದಲು ಒಂದು ಬಾಟಲಿ ನಮ್ಮೊಡನೆ ಕುಡಿಯಬೇಕು, ನಮ್ಮ ಯಾವ ಊಟಕ್ಕೆ ಅದು ಹೊಂದುತ್ತದೋ ನೋಡಬೇಕು ಎಂದರು. ಬಿಳಿಚೋಡಿನ ಅಕ್ಕನ ಮನೆಗೆ ಕರೆದುಕೊಂಡು ಹೋದೆ.

ಬಾಟಲಿ ತಂಪಾಗಿರಬೇಕಿತ್ತು. ಭಾವನಿಗೆ ಹೊಳೆದದ್ದು ಹಿತ್ತಲಿನ ಹಗೇವು, ನೆಲದೊಳಗೆ ಎರಡಾಳು ಆಳ ತೋಡಿದ ಜೋಳದ ಕಣಜ. ಅದಕ್ಕೆ ಇಳಿಯುವ ಮೊದಲು ಉರಿಯುವ ಲಾಟೀನು ಬಿಟ್ಟು ನೋಡುವುದು ರೂಢಿ. ದೀಪ ಆರಿದರೆ ಇಳಿಯಬಾರದು. ಹಿಂದಿನ ದಿನ ಅರ್ಧ ಜೋಳ ತೆಗೆದಾಗ ದೀಪ ಚೆನ್ನಾಗಿಯೇ ಉರಿದಿತ್ತು. ಅದೇ ಸಂಜೆ ಬಾಟಲಿಯನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಸಿ ಚಪ್ಪಡಿ ಮುಚ್ಚಿದರು. ಮರುದಿನ ಎಳೆದರೆ ಗಂಟು ಬಿಚ್ಚಿ ಹಗ್ಗವಷ್ಟೇ ಮೇಲೆ ಬಂತು.

"ನಿನ್ನೆ ಉರಿದ ದೀಪ ಇವತ್ತು ಆರತೈತೇನು?" ಎಂದು ಭಾವ ಪಂಚೆ ಎತ್ತಿ ಕಟ್ಟಿದರು.

"ಹಗ್ಗನಾದ್ರೂ ಕಟ್ಕಳ್ರಿ," ಎಂದಳು ಅಕ್ಕ.

"ನಾನೇನು ಎಮ್ಮೇನೇ, ಕಟ್ಟಾಕೆ?" ಎನ್ನುತ್ತಲೇ ಕಂಕುಳಡಿ ಬಿಗಿದುಕೊಂಡರು.

ಆಗ ಆ ಹಿರಿಯರು ಇಂಗ್ಲಿಷಿನಲ್ಲಿ, ದೀಪ ಎಲ್ಲಿ ಎಂದು ನನ್ನನ್ನು ಕೇಳಿದರು. ಒಳಗೆ ಕತ್ತಲೆಂದು ಚಿಂತಿಸುತ್ತಿದ್ದಾರೆ ಎಂದುಕೊಂಡೆ. ಬಿಸಿಲು ನೇರ ಬೀಳುತ್ತದೆ, ಬೇಡ ಎಂದೆ. ಇಷ್ಟು ವರ್ಷ ನಾನು ಮತ್ತೆ ಮತ್ತೆ ಕೇಳಿಸಿಕೊಂಡಿರುವುದು ನನ್ನ ಆ ಉತ್ತರವನ್ನೇ.

ಕೆಳಗಿಳಿದ ಭಾವ ಬುಟ್ಟಿಗೆಂದು ಬಗ್ಗಿದರು. ಏಳಲಿಲ್ಲ. ದಣಿದವರು ಕೂರುವ ಹಾಗೆ ಮಂಡಿ ಮಡಿಸಿ ಜೋಳದ ಮೇಲೆ ಒರಗಿದರು, ಸದ್ದಿಲ್ಲದೆ. ನಾನು ಒಳಗೆ ಕಾಲಿಟ್ಟೇಬಿಟ್ಟಿದ್ದೆ. ಹಿರಿಯರು ನನ್ನ ಅಂಗಿ ಹಿಡಿದು ಹಿಂದಕ್ಕೆ ಎಸೆದು, ಕೈಗೆ ಹಗ್ಗ ತುರುಕಿದರು. ಮೂವರೂ ಎಳೆದೆವು. ಅಕ್ಕನ ಬಳೆಗಳು ಒಡೆದವು. ಭಾವನ ತುಟಿ ನೇರಳೆಯಾಗಿತ್ತು. ಅವರು ಗೊರ್ ಎಂದು ಉಸಿರೆಳೆದಾಗ ಗಡಿಯಾರ ನೋಡಿದೆ, ಹನ್ನೆರಡೂ ಇಪ್ಪತ್ತನಾಲ್ಕು. ಬಹಳ ಹೊತ್ತಿನ ಮೇಲೆ ಬಂದ ಮೊದಲ ಮಾತು, "ಬಾಟ್ಲಿ ಒಡೀಲಿಲ್ಲ ತಾನೆ?"

ಆಮೇಲೆ ಹಿರಿಯರು ತಾವೇ ಲಾಟೀನು ಇಳಿಸಿದರು. ಯಾರೋ ಚಿವುಟಿದಂತೆ ಬತ್ತಿ ಆರಿತು. ಅವರ ಮನೆಯಲ್ಲೂ ಅಕ್ಕಿ ಹುಳಿಯುವ ದೊಡ್ಡ ತೊಟ್ಟಿಗೆ ಹೀಗೇ ದೀಪ ಇಳಿಸುತ್ತಾರಂತೆ; ದೀಪ ಇಳಿಸದೆ ತೊಟ್ಟಿಗಿಳಿದ ಅವರ ಅಣ್ಣ ಮೇಲೆ ಬರಲಿಲ್ಲವಂತೆ. ಕಾಳೂ ಉಸಿರಾಡುತ್ತದೆ, ಚಪ್ಪಡಿ ಮುಚ್ಚಿದರೆ ಒಂದೇ ರಾತ್ರಿಯಲ್ಲಿ ಆ ಭಾರದ ಉಸಿರು ತಳದಲ್ಲಿ ತುಂಬಿ ನಿಲ್ಲುತ್ತದೆ ಎಂದರು. ಇದನ್ನೇ ಪರೀಕ್ಷೆಯಲ್ಲಿ ಬರೆದು ನಾನು ಒಳ್ಳೆಯ ಅಂಕ ಪಡೆದಿದ್ದೆ.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯಿಂದ ಬುಟ್ಟಿ ಮೇಲೆ ಬಂತು. ಮೂರನೆಯ ದಿನ, ಭಾವ ಎದ್ದು ಕೂತ ಮೇಲೆ, ಕಾಫಿ ಲೋಟಗಳ ತಳದಲ್ಲಿ ಸಾಕೆ ಸುರಿದೆವು. ನೀರಿನಷ್ಟು ತಿಳಿ. ಮೂಗಿಗೆ ಮೊದಲು ಅನ್ನದ ಹಬೆ, ಆಮೇಲೆ ಎಲ್ಲಿಂದಲೋ ಕರಬೂಜ. ಖಾರ ಮಂಡಕ್ಕಿ, ಮಿರ್ಚಿಯ ಜೊತೆ ಅದು ಬಾಯಲ್ಲಿ ಸತ್ತೇ ಹೋಯಿತು. ಉಪ್ಪು ಹಾಕಿ ಬೇಯಿಸಿದ ಶೇಂಗಾ ತಿಂದು ಗುಟುಕರಿಸಿದರೆ ಜೀವ ಬಂತು. ಕೊನೆಗೆ ಅಕ್ಕ ಅದೇ ಹಗೇವಿನ ಜೋಳದ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಳು. ಹಿರಿಯರು ಒಂದು ಚೂರು ಅಗಿದು, ಕುಡಿದು, ಕಣ್ಣು ಮುಚ್ಚಿದರು. ನಾನೂ ಹಾಗೇ ಮಾಡಿದೆ. ರೊಟ್ಟಿಯಲ್ಲಿ ಅಷ್ಟು ಸಿಹಿ ಇದ್ದದ್ದು ನನಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ. ಭಾವನನ್ನು ಕೊಲ್ಲಹೊರಟಿದ್ದ ಉಸಿರು, ಈ ಸಿಹಿ, ಎರಡೂ ಕಾಳಿನವೇ.

ಅಕ್ಕ ತಿಂಗಳುಗಟ್ಟಲೆ ರಾತ್ರಿ ಎಚ್ಚರಾಗಿ ಭಾವನ ಮೂಗಿಗೆ ಕೈ ಹಿಡಿದು ನೋಡುತ್ತಿದ್ದಳಂತೆ. ಚನ್ನಗಿರಿಯ ಬಾಡಿಗೆ ಕೋಣೆಯಲ್ಲಿ ನನ್ನ ನಿದ್ದೆಯೂ ಹಾಗೇ ಒಡೆಯುತ್ತಿತ್ತು. ಮರುವರ್ಷ ಹಗೇವು ತೆಗೆಯುವ ದಿನ ನಾನೂ ಹೋದೆ. ಭಾವ ಲಾಟೀನು ಇಳಿಸಿದರು. ಉರಿಯಿತು. ಮೇಲೆಳೆದು, "ತಡಿ, ಇನ್ನೊಂದ್ಸಲ ನೋಡಾನ," ಎಂದು ಮತ್ತೆ ಇಳಿಸಿದರು. ಆ ರಾತ್ರಿ ಅಂಗಳದಲ್ಲಿ ಮಲಗಿದ ನನಗೆ ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು. ಒಳಗೆ ಅಕ್ಕನಿಗೂ ಇನ್ನೂ ಒಳ್ಳೆಯ ನಿದ್ದೆ.