ಮೂರೂ ದಾರಿಗೆ ಒಂದೇ ಟೈರು

ನೌಕರಿ ಜೇವರ್ಗಿಯಲ್ಲಿ, ಮನೆ ಅಫಜಲಪುರದಲ್ಲಿ, ತಂಗಿಯನ್ನು ಕೊಟ್ಟದ್ದು ಆಳಂದ ತಾಲೂಕಿನ ಮಾದನಹಿಪ್ಪರಗಾಕ್ಕೆ. ಇದ್ದದ್ದು ಒಂದೇ ಸೈಕಲ್ಲು. ದಾರಿಗಳೋ ಒಂದರ ಮುಖ ಇನ್ನೊಂದು ನೋಡದಂಥವು. ಜೇವರ್ಗಿ ಕಡೆಯದು ಖಡಿ ರಸ್ತೆ, ಮುಷ್ಟಿಗಾತ್ರದ ಕಲ್ಲು. ನಡುವೆ ಗುಲ್ಬರ್ಗಾ ಊರೊಳಗೆ ಒಂದಿಷ್ಟು ಡಾಂಬರು. ಅದರ ಮೇಲೆ ಏರಿದೆನೆಂದು ಖುಷಿಪಡುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಅಫಜಲಪುರದಿಂದ ಮುಂದೆ ಕೆಂಪು ಗರಸಿನ ಮುರುಮು, ಅದೂ ಮುಗಿದ ಮೇಲೆ ಎರಿ. ಎರಿ ಅಂದರೆ ನಮ್ಮ ಕಡೆಯ ಕಪ್ಪುಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆಗಾಲದಲ್ಲಿ ಕಾಲು ಬಿಡದಷ್ಟು ಪ್ರೀತಿ.

ನಲವತ್ತೇಳರ ಶ್ರಾವಣ ಅದು. ಗಡಿಯಾಚೆ ಸೋಲಾಪುರದಲ್ಲಿ ಹೊಸ ಬಾವುಟ ಏರಿ ಇನ್ನೂ ವಾರ ಆಗಿರಲಿಲ್ಲ. ನಮ್ಮಲ್ಲಿ ನಿಜಾಮರ ರಾಜ್ಯವೇ ನಡೆದಿತ್ತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುವವರೂ ಇರಲಿಲ್ಲ. ತಂಗಿಗೆ ಮದುವೆಯಾದ ಮೇಲಿನ ಮೊದಲ ನಾಗರ ಪಂಚಮಿ. ಪಂಚಮಿಗೆ ಅಣ್ಣನಾದವನು ಹೋಗಿ ಕರೆಯಬೇಕು, ಆಗಲೇ ಹೆಣ್ಣುಮಗಳು ತವರಿನ ಜೋಕಾಲಿ ಕಾಣುವುದು. ಕಳಿಸಲು ಬಂಡಿ ಬೀಗರದು. ಹೋಗಿ ಬಾಗಿಲಲ್ಲಿ ನಿಲ್ಲುವ ಮುಖ ಮಾತ್ರ ನಮ್ಮದು. ಅವಳ ಅತ್ತೆ ಆ ಊರಿನ ಬಳೆಗಾರನ ಕೈಯಲ್ಲಿ ಹೇಳಿ ಕಳಿಸಿದ್ದರು: "ರೊಟ್ಟಿ ಹಬ್ಬದ ದಿನ ದೀಪ ಹಚ್ಚೂದ್ರಾಗ ಬರ್ರಿ. ದೀಪ ಹಚ್ಚಿದ ಮ್ಯಾಲ ಬಂದವರ ಕೂಡ ಸೊಸಿನ್ನ ಕಳಸೂ ಪದ್ಧತಿ ನಮ್ಮ ಮನ್ಯಾಗ ಇಲ್ಲ."

ಅಪ್ಪ ತೀರಿಕೊಂಡಿದ್ದ. ಹೋಗಬೇಕಾದವನು ನಾನೊಬ್ಬನೇ. ಚಿಂತೆ ಮಾಡುವುದರಲ್ಲಿ ನನಗೆ ಆಗಲೇ ಒಳ್ಳೆಯ ಹೆಸರಿತ್ತು. ಈ ಸಲವಂತೂ ಚಿಂತೆಗೆ ತಕ್ಕ ಕಾರಣವೂ ಸಿಕ್ಕಿತು: ಹಿಂದಿನ ಟೈರು ನನ್ನ ಈಗಿನ ತಲೆಯಷ್ಟೇ ಬೋಳಾಗಿತ್ತು.

ಗುಲ್ಬರ್ಗಾದ ಸೈಕಲ್ ಅಂಗಡಿಯವ ಮೂರು ನಮೂನೆ ತಂದು ಮುಂದಿಟ್ಟ.

"ಖಡಿಗೆ ಯಾವುದು ಚಲೋರಿ?" ಅಂದೆ.

"ದಪ್ಪಂದು."

"ಡಾಂಬರಿಗೆ?"

"ನುಣ್ಣಂದು."

"ಕೆಸರಿಗೆ?"

"ಹಲ್ಲಿಂದು ತಗೋರಿ."

"ಎಲ್ಲಾದಕ್ಕೂ ನಡಿಯೂವಂಥದ್ದು?"

ಆತ ನನ್ನನ್ನೂ ಸೈಕಲ್ಲನ್ನೂ ಒಮ್ಮೆ ನೋಡಿ, "ಹಂಗಿದ್ರ ಕುದುರಿ ತಗೋರಿ ಸಾಹೇಬ್ರ," ಅಂದ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಯೋಚಿಸಿದೆ. ನುಣ್ಣಗಿನದು ತಗೊಂಡರೆ ಕೆಸರಿನಲ್ಲಿ ಜಾರಿ ಬೀಳುತ್ತೇನೆ. ಬಿದ್ದರೆ ಮುಂದಿನ ಹಲ್ಲು ಹೋಗುತ್ತವೆ. ಹಲ್ಲು ಹೋದವನಿಗೆ ಹೆಣ್ಣು ಯಾರು ಕೊಡುತ್ತಾರೆ? ಹೀಗೆ ನನ್ನ ಹಲ್ಲು ಉಳಿಸಲು ಹಲ್ಲಿನ ಟೈರು ತಗೊಂಡೆ. ಮೊಸಳೆಯ ಬೆನ್ನಿನಂತಿತ್ತು. ಮನೆಗೆ ಬಂದು ಇನ್ನೊಂದು ಜಾಣತನವನ್ನೂ ಮಾಡಿದೆ. ಬೀಗರ ಮನೆಗೆ ಉಡುವ ಬಿಳಿ ಧೋತರಕ್ಕೆ ರಾಡಿ ಸಿಡಿಯಬಾರದಲ್ಲ? ಮಡ್‌ಗಾರ್ಡುಗಳನ್ನು ಬಗ್ಗಿಸಿ, ಒಂದು ಬೆರಳೂ ಹೋಗದಂತೆ ಟೈರಿಗೆ ಹತ್ತಿರ ಕೂಡಿಸಿದೆ. ಅವ್ವ ನೋಡಿ, "ಉಸಿರರೆ ಆಡಲಿ ಬಿಡೋ ಅದು," ಅಂದಳು. ಹೆಂಗಸರಿಗೆ ಸೈಕಲ್ಲಿನದೇನು ತಿಳಿಯುತ್ತದೆ ಅಂದುಕೊಂಡೆ.

ಪಂಚಮಿಗೆ ಮುಂಚೆ ಬರುವ ಆ ರೊಟ್ಟಿ ಹಬ್ಬದ ಬೆಳಿಗ್ಗೆ ಶೇಂಗಾ ಉಂಡಿಯ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟೆ. ಮುರುಮಿನ ಮೇಲೆ ಟೈರು ಗುಂಯ್ ಎಂದು ಹಾಡುತ್ತಿತ್ತು. ಎದುರು ಬಂದವರೆಲ್ಲ ನನ್ನ ಟೈರನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಈಗ ನೆನೆದರೆ ಒಬ್ಬರೂ ನೋಡಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಮಳೆ ಹಿಡಿಯಿತು. ಹಿಪ್ಪರಗಾದ ದಾರಿ ಎರಿ ಹೊಲಗಳಿಗೆ ತಿರುಗಿದ್ದೂ ಆಗಲೇ.

ಹಲ್ಲಿನ ಟೈರು ತನ್ನ ಕೆಲಸ ಮರೆಯಲಿಲ್ಲ. ನೆಲವನ್ನು ಕಚ್ಚಿತು. ಕಚ್ಚಿದ್ದನ್ನು ಬಿಡಲಿಲ್ಲ, ಅಷ್ಟೇ. ಗಾಲಿ ತಿರುಗಿದಂತೆಲ್ಲ ಮಣ್ಣು ಸುತ್ತಿಕೊಂಡು ಮಡ್‌ಗಾರ್ಡಿನ ಒಳಗೆ ಹೋಗಿ ಹೂರಣದ ಹಾಗೆ ತುಂಬಿಕೊಂಡಿತು. ಗಾಲಿ ನಿಂತಿತು. ಜಾಲಿ ಕಡ್ಡಿಯಿಂದ ಕೆದರಿದೆ, ನಾಲ್ಕು ಮಾರು ಹೋದೆ, ಮತ್ತೆ ನಿಂತಿತು. ಕೊನೆಗೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡೆ. ಧೋತರದ ಮಾತು ಬಿಡಿ, ಅದು ಆಗಲೇ ಎರಿಯ ಬಣ್ಣಕ್ಕೆ ತಿರುಗಿತ್ತು. ಮೋಡದ ಹಿಂದೆ ಹೊತ್ತು ಇಳಿಯುತ್ತಿತ್ತು. ದೀಪ ಹಚ್ಚುವ ಅತ್ತೆ ಕಣ್ಣಿಗೆ ಕಟ್ಟಿದರು; ಪಕ್ಕದಲ್ಲಿ ಬಾಗಿಲು ಹಿಡಿದು ನಿಂತ ತಂಗಿಯೂ.

ಬದುವಿನ ಮೇಲೆ ಗೋಣಿಚೀಲ ಹೊದ್ದು ಕೂತಿದ್ದ ಮುದುಕಿಯೊಬ್ಬಳು ಕೂಗಿದಳು: "ಯಾಕೋ ಯಪ್ಪಾ, ಸೈಕಲ್ಲಿಗಿ ಕಾಲ ನೋಯಾಕತ್ತಾವೇನು? ಹೊತಗೊಂಡು ನಡದಿ?"

"ತಂಗಿನ್ನ ಪಂಚಮಿಗಿ ಕರಿಯಾಕ ಹೊಂಟೇನಿ ಯವ್ವಾ. ದೀಪ ಹಚ್ಚೂದ್ರಾಗ ಮುಟ್ಟಬೇಕು."

"ಮತ್ತ ಅದನ್ಯಾಕ ಹೊತ್ತೀ? ಇಲ್ಲೇ ಒಗದು ಓಡು."

"ಹೊಸಾ ಟೈರ ಅದ. ಯಾರರ ಒಯ್ದಾರು."

ಮುದುಕಿ ನಕ್ಕಳು. "ಖರೇನ ಹುಚ್ಚ ಅದೀ. ನಿನಗ ನಡಸಾಕ ಬರವಲ್ದು, ಕಳ್ಳಗ ಬರ್ತದೇನು? ಅವನೂ ಹೊತಗೊಂಡೇ ಹೋಗಬೇಕು. ಅಂಥಾ ಶಾಣ್ಯಾ ಈ ಸೀಮ್ಯಾಗ ನೀ ಒಬ್ಬನೇ."

ನನ್ನ ಜೀವಮಾನದಲ್ಲಿ ಚಿಂತೆಯೊಂದಕ್ಕೆ ಸಿಕ್ಕ ನೇರ ಉತ್ತರ ಅದೊಂದೇ. ಆದರೂ ಸೈಕಲ್ಲನ್ನು ಬನ್ನಿಗಿಡಕ್ಕೆ ಒರಗಿಸಿ ಬೀಗ ಹಾಕಿದೆ. ಗಾಲಿ ತಿರುಗದ ಸೈಕಲ್ಲಿಗೆ ಬೀಗ! ಮುದುಕಿಯ ನಗು ಬೆನ್ನ ಹಿಂದೆ ಬಹಳ ದೂರ ಕೇಳುತ್ತಿತ್ತು. ಕೆರಗಳನ್ನು ಕೈಯಲ್ಲಿ, ಉಂಡಿಯ ಡಬ್ಬಿಯನ್ನು ಬಗಲಲ್ಲಿ ಹಿಡಿದು ಓಡಿದೆ. ಎರಡು ಸಲ ಬಿದ್ದೆ. ಹಲ್ಲು ಮಾತ್ರ ಉಳಿದವು.

ನಾನು ಮುಟ್ಟಿದಾಗ ಅತ್ತೆ ದೇವರ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದರು. ಬತ್ತಿ ಯಾವಾಗಲೋ ಹೊಸೆದು ಮುಗಿಯಬೇಕಿತ್ತು, ಮನೆಯೊಳಗೆ ಆಗಲೇ ಕತ್ತಲೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸೊಸೆಗೆ ಹೇಳಿದರು: "ನಿಮ್ಮಣ್ಣ ಸೈಕಲ್ ಮ್ಯಾಲ ಬರ್ತಾನಂದಿದ್ದಿ. ಇವನು ಹೊಲಾನೇ ಉಟಗೊಂಡು ಬಂದಾನಲ್ಲ ಬೇ. ಕಾಲಿಗಿ ನೀರ ಕೊಡು." ಆಮೇಲೆ ದೀಪ ಹಚ್ಚಿದರು. ತಂಗಿ ಚೆಂಬು ಹಿಡಿದು ಹೊರಗೆ ಬಂದು ನನ್ನ ಮುಖ ನೋಡುತ್ತಲೇ ನೀರು ಹಾಕಿದಳು; ಬಿದ್ದದ್ದು ಕಾಲಿನ ಮೇಲೆ ಸ್ವಲ್ಪ, ನೆಲದ ಮೇಲೆ ಬಹಳ.

ನಸುಕಿನಲ್ಲಿ ಬಂಡಿ ಕಟ್ಟಿದರು. ಬನ್ನಿಗಿಡದ ಹತ್ತಿರ ಸೈಕಲ್ಲು ಹಾಗೆಯೇ ಇತ್ತು. ಬೀಗದ ಮೇಲೆ ಯಾರೋ ಹಬ್ಬದ ಕಡಕ್ ಸಜ್ಜೆರೊಟ್ಟಿಯ ಒಂದು ತುಂಡು ಇಟ್ಟಿದ್ದರು. ಸೈಕಲ್ಲನ್ನು ಎತ್ತಿ ತಂಗಿಯ ಪಕ್ಕದಲ್ಲಿ ಮಲಗಿಸಿದೆವು. ದಾರಿಯುದ್ದಕ್ಕೂ ಅವಳು ತುರುಬಿನ ಸಲಾಕೆ ತೆಗೆದು ಟೈರಿನ ಸಂದಿಯ ಎರಿ ಕೆದರುತ್ತ, ತವರಿಗೆ ಹೋದ ಮೇಲೆ ಯಾವ ಗೆಳತಿಯ ಮನೆಗೆ ಮೊದಲು ಹೋಗಬೇಕೆಂದು ಹೇಳುತ್ತ ಬಂದಳು. ನಡುವೆ ಒಮ್ಮೆ ನಿಲ್ಲಿಸಿ, "ಅಣ್ಣಾ, ಇದಕ್ಕ ಇಷ್ಟ್ಯಾಕ ಹಲ್ಲು? ಏನರ ತಿಂತದೇನು?" ಅಂತ ಕೇಳಿದಳು.

ಈಗ ಅಲ್ಲಿಯವರೆಗೂ ಡಾಂಬರಾಗಿದೆ. ಪಂಚಮಿಗೆ ಬಸ್ಸಿನಲ್ಲಿ ಹೋಗುತ್ತೇನೆ, ಕಿಟಕಿಯ ಪಕ್ಕ ಕೂತು ಬಸ್ಸಿನ ಟೈರಿನ ಚಿಂತೆ ಮಾಡುತ್ತೇನೆ. ತಂಗಿಗೆ ಈಗ ಸೊಸೆಯರು ಬಂದಿದ್ದಾರೆ. ಅವರ ಅಣ್ಣಂದಿರು ತಡಮಾಡಿದ ವರ್ಷ, ಅವಳೂ ದೇವರ ಮುಂದೆ ಕೂತು ಹೊಸೆದ ಬತ್ತಿಯನ್ನೇ ಮತ್ತೆ ಹೊಸೆಯುತ್ತಾಳೆ.