ಸೊಣ್ಣಪ್ಪ ಗ್ರಾಮಸಭೆಯಲ್ಲಿ ಕೇಳಿದ ಪ್ರಶ್ನೆ

ದೇವನಹಳ್ಳಿ ಕಡೆಯ ವಿಜಯಪುರದಿಂದ ಆರು ಕಿಲೋಮೀಟರ್ ಒಳಕ್ಕಿರುವ ನಮ್ಮ ಹುಣಸೇಕುಂಟೆಯಲ್ಲಿ ಸೊಣ್ಣಪ್ಪನನ್ನು ಎಲ್ಲರೂ ನೀರಿನ ಸೊಣ್ಣಪ್ಪ ಅಂತಲೇ ಕರೆಯುತ್ತಿದ್ದರು. ಅವನಪ್ಪ ಪೂಜಪ್ಪ ಕೆರೆಯ ನೀರುಗಂಟಿಯಾಗಿದ್ದವನು, ತೂಬೆತ್ತಿ ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುತ್ತಿದ್ದವನು. ಕೆರೆ ಒಣಗಿ, ಗದ್ದೆಗಳೆಲ್ಲ ದ್ರಾಕ್ಷಿ ತೋಟವಾಗಿ, ಆಮೇಲೆ ಸೈಟುಗಳಾದ ಕಾಲಕ್ಕೆ ಮಗ ಪಂಚಾಯಿತಿಯಲ್ಲಿ ವಾಟರ್‌ಮ್ಯಾನ್ ಆದ. ಬೆಳಿಗ್ಗೆ ಐದಕ್ಕೆ ಎದ್ದು ಬೀದಿಬೀದಿಯ ವಾಲ್ವ್ ತಿರುಗಿಸುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ. ಮಾತು ಕಮ್ಮಿ. ಊರಿನ ಜಗಳಗಳಲ್ಲಿ ಅವನ ಹೆಸರು ಕೇಳಿದ್ದು ನನಗೆ ನೆನಪಿಲ್ಲ.

ನಾನು ಇಲ್ಲಿನ ಹಾಲಿನ ಡೇರಿಯ ಕಾರ್ಯದರ್ಶಿ. ಡೇರಿ ಮತ್ತು ಪಂಚಾಯಿತಿಗೆ ಒಂದೇ ಗೋಡೆ. ಹಾಗಾಗಿ ನಡೆದದ್ದರಲ್ಲಿ ಮುಕ್ಕಾಲು ಪಾಲು ನಾನೇ ಕಂಡದ್ದು, ಉಳಿದದ್ದು ಸೊಣ್ಣಪ್ಪನ ಹೆಂಡತಿ ಅಮ್ಮಯಮ್ಮ ಹೇಳಿದ್ದು.

ಸೊಣ್ಣಪ್ಪನಿಗೆ ಆ ಕೆಲಸ ಕೊಡಿಸಿದವರು ಚಿಕ್ಕವೆಂಕಟಪ್ಪನವರು. ಮೂರು ಸಲ ಪಂಚಾಯಿತಿ ಅಧ್ಯಕ್ಷರಾದವರು. ಹಿಂದೆ ಕುಡಿಯಲು ನೀರಿಲ್ಲದ ಒಂದು ಬೇಸಿಗೆಯಲ್ಲಿ ತಹಸೀಲ್ದಾರರ ಜೀಪಿಗೆ ಅಡ್ಡ ಮಲಗಿ, ಟ್ಯಾಂಕರ್ ಬರುವ ತನಕ ಎದ್ದಿರಲಿಲ್ಲ. ಅವತ್ತು ಅವರ ಪಕ್ಕದಲ್ಲಿ ಟಾರು ರಸ್ತೆಯ ಮೇಲೆ ಮಲಗಿದ್ದವನು ಸೊಣ್ಣಪ್ಪ. ಇಬ್ಬರ ಬೆನ್ನಿಗೂ ಬೊಬ್ಬೆ ಬಂದಿತ್ತು. ಅಣ್ಣ ಅಂದರೆ ಅವನಿಗೆ ದೇವರಿಗಿಂತ ಒಂದು ಗುಂಜಿ ಕಮ್ಮಿ, ಅಷ್ಟೇ.

ಅಧ್ಯಕ್ಷರಿಗೆ ದಿನಾ ಬೆಳಿಗ್ಗೆ ಪಂಪ್‌ಹೌಸಿನ ಹತ್ತಿರ ಬಂದು ನಿಲ್ಲುವ ಅಭ್ಯಾಸ. ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ, ಒಂದು ದಿನ ಬಂದವರು "ಮೂರನೇ ವಾಲ್ವ್ ಬಿಡು ಕಣ್ಲಾ" ಅಂದರು.

"ಅದೆಲ್ಲೈತಣ್ಣ? ರಸ್ತೆ ಅಗಲ ಮಾಡ್ದಾಗ್ಲೇ ಹೋಯ್ತಲ್ಲ" ಅಂದ ಸೊಣ್ಣಪ್ಪ.

ಪಟಾರನೆ ಕೆನ್ನೆಗೆ ಬಿತ್ತು. ಚಿಕ್ಕವೆಂಕಟಪ್ಪನವರು ಯಾರ ಮೇಲೂ ಕೈ ಎತ್ತಿದವರಲ್ಲ. ಸೊಣ್ಣಪ್ಪ ಕೆನ್ನೆ ಹಿಡಿದುಕೊಂಡು ಉಳಿದ ವಾಲ್ವ್‌ಗಳ ಕಡೆ ನಡೆದ. ಅದಕ್ಕಿಂತ ಹೆಚ್ಚು ಅವನನ್ನು ಹೆದರಿಸಿದ್ದು ಮಾರನೇ ದಿನ. ಅಧ್ಯಕ್ಷರು ಎಂದಿನಂತೆ ನಗುತ್ತಾ ಬಂದು, ಅವನ ಗದ್ದ ಹಿಡಿದು ತಿರುಗಿಸಿ ನೋಡಿ, "ಇದೇನ್ಲಾ ಹಿಂಗ್ ಊದೈತೆ? ಯಾವನ್ಲಾ ಹೊಡ್ದೋನು? ಹೇಳು, ಅವ್ನ್ ಕೈ ಮುರಿಸ್ತೀನಿ" ಅಂದರು. ಕಣ್ಣಲ್ಲಿ ನಿಜವಾದ ಸಿಟ್ಟಿತ್ತು.

ಆಗಸ್ಟ್ ಹದಿನೈದರಂದು ಶಾಲೆಯ ಮುಂದೆ ಬಾವುಟ ಹಾರಿಸಿ ಅವರು ಹತ್ತು ನಿಮಿಷ ಚೆನ್ನಾಗಿ ಮಾತಾಡಿದರು. ಚಪ್ಪಾಳೆ ಬಿತ್ತು. ಕೂರುವ ಬದಲು ಗಂಟಲು ಸರಿಮಾಡಿಕೊಂಡು ಅದೇ ಭಾಷಣವನ್ನು ಮೊದಲಿನಿಂದ ಶುರು ಮಾಡಿದರು. ಒಂದು ಪದವೂ ಹೆಚ್ಚುಕಮ್ಮಿ ಇಲ್ಲ. ಮಕ್ಕಳು ಕಿಸಕ್ ಅಂದವು. ದೊಡ್ಡವರು ಮುಖ ಮುಖ ನೋಡಿಕೊಂಡೆವು. ಮುಗಿದಾಗ ಎರಡನೇ ಸಲವೂ ಚಪ್ಪಾಳೆ ತಟ್ಟಿದೆವು.

ಆಮೇಲಿಂದ ಅವರ ಮಗ ನರೇಶ್ ಸದಾ ಪಕ್ಕದಲ್ಲಿರತೊಡಗಿದ. ಅಪ್ಪನ ಫೋನು ಅವನ ಜೇಬಿಗೆ ಹೋಯಿತು. ಕಾಗದ ಬಂದರೆ ಅವನೇ ಓದಿ, ಸಹಿ ಹಾಕುವ ಜಾಗದಲ್ಲಿ ಬೆರಳಿಟ್ಟು ತೋರಿಸುತ್ತಿದ್ದ.

ದಸರೆ ರಜೆಯಲ್ಲಿ ಒಂದು ಬೆಳಿಗ್ಗೆ ಸೊಣ್ಣಪ್ಪನಿಗೆ ಅಧ್ಯಕ್ಷರು ಕೆರೆ ಏರಿಯ ಮೇಲೆ ಸಿಕ್ಕಿದರು. ಒಂದೇ ಕಾಲಲ್ಲಿ ಚಪ್ಪಲಿ. "ಅಪ್ಪ ಗದ್ದೇಲವ್ನಾ? ಬುತ್ತಿ ತಂದಿದ್ದೀನಿ" ಅಂತ ಖಾಲಿ ಕೈ ಮುಂದೆ ಚಾಚಿದರು. ಸೊಣ್ಣಪ್ಪ ತನ್ನ ಚಪ್ಪಲಿ ಬಿಚ್ಚಿ ಅವರ ಕಾಲಿಗೆ ಹಾಕಿ, ಕೈ ಹಿಡಿದು ಮನೆಗೆ ಕರೆತಂದ. ಅವರ ಹೆಂಡತಿ ರುಕ್ಮಿಣಮ್ಮ ಹಿತ್ತಿಲ ಬಾಗಿಲಲ್ಲೇ ಅವನನ್ನು ತಡೆದರು.

"ಸೊಣ್ಣಪ್ಪ, ಯಾರಿಗೂ ಹೇಳ್ಬೇಡಪ್ಪ. ಬೆಂಗ್ಳೂರಲ್ಲಿ ತೋರ್ಸಿದ್ದೀವಿ. ಡಾಕ್ಟ್ರು ಇದು ವಾಸಿಯಾಗೋದಲ್ಲ, ಇನ್ನೂ ಹೆಚ್ಚಾಗುತ್ತೆ ಅಂದ್ರು. ಊರೋರು ಅವ್ರನ್ನ ನೋಡಿ ನಗೋ ಹಂಗಾಗ್ಬಾರ್ದು."

"ಇಲ್ಲಕ್ಕ, ನನ್ ಬಾಯಿಂದ ಬರಲ್ಲ" ಅಂದ ಸೊಣ್ಣಪ್ಪ. ಅಮ್ಮಯಮ್ಮನಿಗೂ ಹೇಳಲಿಲ್ಲ. ಆ ಮಾತು ಕೊಟ್ಟದ್ದೇ ತಪ್ಪಾಯಿತು ಅಂತ ಆಮೇಲೆ ಎಷ್ಟೋ ಸಲ ಅವಳ ಹತ್ತಿರ ಹೇಳಿಕೊಂಡನಂತೆ.

ಮೂರು ವರ್ಷದಿಂದ ನಮ್ಮ ಕೆರೆಗೆ ಬೆಂಗಳೂರಿನಿಂದ ಸೋಸಿದ ಕೊಳಚೆ ನೀರು ಪೈಪಿನಲ್ಲಿ ಬರುತ್ತಿತ್ತು. ಹೋದ ವರ್ಷ ಮುಂಗಾರೂ ಜೋರಾಗಿ, ಕೆರೆ ತುಂಬಿ ಕೋಡಿ ಬೀಳುವ ಮಟ್ಟಕ್ಕೆ ಬಂತು. ನಲವತ್ತೈದು ವರ್ಷದಿಂದ ಊರು ಕೋಡಿ ಕಂಡಿರಲಿಲ್ಲ. ಹೆಚ್ಚಾದ ನೀರು ಹರಿದುಹೋಗಲಿ ಅಂತ ಹಿರಿಯರು ಬಿಟ್ಟಿದ್ದ ಕೋಡಿ ಕಾಲುವೆಯ ಮೇಲೆ ಈಗ ನರೇಶನ ಲೇಔಟ್ ಇತ್ತು. ಜಲ್ಲಿ ರಸ್ತೆ, ಬಣ್ಣ ಹೊಡೆದ ಕಲ್ಲುಗಳು, ಕಮಾನು, ಎಲ್ಲ ಸಿದ್ಧ.

ಆಗ ಅಧ್ಯಕ್ಷರು ಕೋಡಿಗೆ ಅಡ್ಡಲಾಗಿ ಮರಳು ಮೂಟೆ ಕಟ್ಟಿಸಲು ಹೇಳಿದರು. ಬರಗಾಲ ಕಂಡ ಮನುಷ್ಯ. ಒಂದು ತೊಟ್ಟೂ ಹೊರಗೆ ಹೋಗಬಾರದು ಅನ್ನುವುದು ಆ ತಲೆಯಲ್ಲಿ ಗಟ್ಟಿಯಾಗಿ ಉಳಿದಿತ್ತು. ಬೇರೆ ಮಾತಾಗಿದ್ದರೆ ನರೇಶ್ ಅಪ್ಪನನ್ನು ಸಮಾಧಾನ ಮಾಡಿ ಕೂರಿಸುತ್ತಿದ್ದ. ಇದನ್ನು ಮಾತ್ರ ಅಧ್ಯಕ್ಷರ ಆದೇಶ ಅಂತ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿದ. ಎರಡು ದಿನದಲ್ಲಿ ಎದೆಮಟ್ಟಕ್ಕೆ ಮೂಟೆ ಬಂತು.

ಸೊಣ್ಣಪ್ಪ ದಿನಾ ಏರಿಯ ಬುಡಕ್ಕೆ ಹೋಗಿ ನೋಡತೊಡಗಿದ. ಹಳೇ ತೂಬಿನ ಹತ್ತಿರ ಒಸರು ಕಂಡಿತ್ತು. ಅದರ ಎದುರಿಗೇ ಕೆಳಗಿನ ಬೀದಿ, ಹದಿನಾಲ್ಕು ಮನೆ. ತಿಳಿಯಾಗಿ ಒಸರಿದರೆ ಭಯವಿಲ್ಲ, ಕೆಂಪಾಗಿ ಬಂದರೆ ಏರಿಯ ಮಣ್ಣೇ ಕರಗುತ್ತಿದೆ ಅಂತ ಅವನಪ್ಪ ಕಲಿಸಿದ್ದ. ಇನ್ನೂ ತಿಳಿಯಾಗಿತ್ತು. ಅವನು ನರೇಶನನ್ನು ಕಂಡು ಹೇಳಿದ.

"ಸೊಣ್ಣಣ್ಣ, ಸೈಟುಗಳ ರಿಜಿಸ್ಟ್ರೇಷನ್ ಐತೆ. ಹದಿನೈದು ದಿನ ತಡ್ಕೊ, ನಾನೇ ತೆಗಿಸ್ತೀನಿ" ಅಂದ ನರೇಶ್. "ಅಪ್ಪಾಜಿ ಹೇಳಿದ್ದನ್ನ ಮೀರಕ್ಕಾಗುತ್ತಾ?"

ಸೊಣ್ಣಪ್ಪ ಅಲ್ಲಿಂದ ಪಂಚಾಯಿತಿಯ ಪಿಡಿಒ ಮಮತ ಮೇಡಂ ಹತ್ತಿರ ಹೋಗಿ, ಬಾಗಿಲು ಮುಂದೆ ಮಾಡಿ, ಇಷ್ಟು ದಿನ ಬಚ್ಚಿಟ್ಟಿದ್ದನ್ನೆಲ್ಲ ಹೇಳಿದ. ಅವರು ಪೆನ್ನು ಕೆಳಗಿಟ್ಟರು.

"ನಂಗೂ ಗೊತ್ತಾಗ್ತಿದೆ ಸೊಣ್ಣಪ್ಪ. ಆದ್ರೆ ಅಧ್ಯಕ್ಷರಿಗೆ ಬುದ್ಧಿ ನೆಟ್ಟಗಿಲ್ಲ ಅಂತ ನಾನು ಹೆಂಗೆ ಬರೀಲಿ? ಡಾಕ್ಟರ್ ಚೀಟಿ ಅವರ ಮನೇಲಿದೆ. ಸದಸ್ಯರೆಲ್ಲ ನರೇಶನ ಕಡೆ. ಗ್ರಾಮಸಭೇಲಿ ಯಾರಾದ್ರೂ ಕೇಳಿದ್ರೆ ನಡಾವಳಿಗೆ ಹತ್ತುತ್ತೆ, ಮೇಲಕ್ಕೆ ಕಳಿಸ್ಬೋದು."

"ಯಾರು ಕೇಳ್ಬೇಕು?"

ಮೇಡಂ ಮತ್ತೆ ಪೆನ್ನು ಎತ್ತಿಕೊಂಡರು.

ಸಭೆಯ ದಿನ ಮೋಡ ಕವಿದು ಹಗಲಲ್ಲೇ ದೀಪ ಹಾಕಿದ್ದರು. ಸಮುದಾಯ ಭವನ ತುಂಬಿತ್ತು. ನಾನು ಮುಂದಿನ ಸಾಲಿನಲ್ಲಿ, ಅಧ್ಯಕ್ಷರ ಕುರ್ಚಿಯ ಪಕ್ಕದಲ್ಲೇ ಇದ್ದೆ. ಬೀದಿ ದೀಪ, ಚರಂಡಿ ಎಲ್ಲ ಮುಗಿದ ಮೇಲೆ ಹಿಂದಿನಿಂದ ಸೊಣ್ಣಪ್ಪ ಎದ್ದು ನಿಂತ. ಕೈ ಮುಗಿದಿದ್ದ.

"ನಂದೊಂದು ಪ್ರಶ್ನೆ. ನಮ್ಮಣ್ಣಂಗೆ ಈಗ ಊರು ಆಳೋ ಅಷ್ಟು ಜ್ಞಾಪಕ ನೆಟ್ಟಗೈತಾ ಅಂತ ಡಾಕ್ಟ್ರತ್ರ ಬರೆಸ್ಕೊಂಡ್ ಬರ್ಬೇಕು. ಅಲ್ಲೀಗಂಟ ಅವರ ಸಹಿ ಮೇಲೆ ಏನೂ ಮಾಡ್ಬಾರ್ದು. ಕೋಡಿ ಮೂಟೆ ಇವತ್ತೇ ತೆಗೀಬೇಕು."

ಭವನ ಕಿತ್ತುಹೋಗುವಂತೆ ಕೂಗಾಟ. "ಉಂಡ ಮನೆಗೆ ಹಿಂಗೆ ಮಾಡ್ತೀಯೇನ್ಲಾ?" ಅಂತ ಯಾರೋ ಬೈದರು. ನರೇಶ್ ಮಾತ್ರ ಶಾಂತವಾಗಿ ಎದ್ದ. "ಅಪ್ಪಾಜಿ ಇಲ್ಲೇ ಅವ್ರಲ್ಲ. ಏನ್ ಬೇಕೋ ಕೇಳು ಸೊಣ್ಣಣ್ಣ. ಎಲ್ಲರ ಮುಂದೆ ಕೇಳು."

ಸೊಣ್ಣಪ್ಪ ಅಧ್ಯಕ್ಷರನ್ನು ನೋಡಿದ. "ಅಣ್ಣ, ನಮ್ ಕೆರೆಗೆ ತೂಬೆಷ್ಟು?"

ಚಿಕ್ಕವೆಂಕಟಪ್ಪನವರು ನಿಧಾನವಾಗಿ ಎದ್ದರು. ಮೈಕು ಬೇಡ ಅಂದರು. "ಎರಡು. ದೊಡ್ಡ ತೂಬು ಮೂಡಲಿಗೆ, ಚಿಕ್ಕದು ಬಡಗಲಿಗೆ. ಕೆರೆ ಎಪ್ಪತ್ತೆರಡು ಎಕರೆ. ಹಿಂದೆ ಕೋಡಿ ಬಿದ್ದಾಗ ಮೊದಲ ಬಾಗಿನ ಬಿಟ್ಟೋಳು ನಮ್ಮವ್ವ. ಆವತ್ತು ತೂಬಿನ ಮೇಲೆ ನಿಂತಿದ್ದೋನು ನಿಮ್ಮಪ್ಪ ಪೂಜಪ್ಪ. ಅವ್ನ್ ಹೆಗಲ ಮೇಲೆ ನೀನಿದ್ದೆ, ಮೂಗು ಸುರಿಸ್ಕೊಂಡು. ಸಾಕಾ, ಇನ್ನೂ ಹೇಳ್ಬೇಕಾ?"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಿಳ್ಳೆ ಹಾಕಿದರು. ಕೆಳಗಿನ ಬೀದಿಯ ಮುನಿಶಾಮಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಾ, "ತಲೆ ತೋರಿಸ್ಬೇಕಾಗಿರೋದು ನಿಂಗೆ ಕಣೋ" ಅಂದ. ನಾನೂ ನಕ್ಕೆ. ಸೊಣ್ಣಪ್ಪನ ಮುಖದಲ್ಲಿ ಅವಮಾನಕ್ಕಿಂತ ಹೆಚ್ಚಾಗಿ ಒಂದು ಆಸೆ ಕಂಡಿತು, ಅಣ್ಣ ನಿಜವಾಗಿಯೂ ವಾಸಿಯಾಗಿಬಿಟ್ಟರೇನೋ ಅನ್ನುವ ಹಾಗೆ. ಅವನು ತಲೆ ತಗ್ಗಿಸಿ ಹೊರಟುಹೋದ.

ಗದ್ದಲದಲ್ಲಿ ಅಧ್ಯಕ್ಷರು ಕುರ್ಚಿಗೆ ಕುಸಿದು, ಮಗನ ತೋಳು ಜಗ್ಗಿ ಕೇಳಿದರು: "ಯಾರ ಮದುವೆಲಾ ಇದು? ಇಷ್ಟು ಜನ ಸೇರವ್ರೆ?"

ನರೇಶ್ ನನ್ನ ಮುಖ ನೋಡಿದ. ನಾನು ಕೇಳಿಸಲಿಲ್ಲ ಅನ್ನುವಂತೆ ಕಾಗದಗಳನ್ನು ಜೋಡಿಸತೊಡಗಿದೆ.

ಮೂರನೇ ದಿನ ಸೊಣ್ಣಪ್ಪನಿಂದ ಪಂಪ್‌ಹೌಸಿನ ಬೀಗದ ಕೈ ವಾಪಸು ತೆಗೆದುಕೊಂಡರು. ಅಧ್ಯಕ್ಷರನ್ನು ಸಾರ್ವಜನಿಕವಾಗಿ ನಿಂದಿಸಿದ ಅಂತ ಕಾರಣ. ಊರಿನಲ್ಲಿ ಅವನ ಜೊತೆ ಮಾತಾಡುವವರು ಕಡಿಮೆಯಾದರು. ಅಮ್ಮಯಮ್ಮ ಅಂಗಡಿಗೆ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

ಮುಂದಿನ ವಾರ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಸೊಣ್ಣಪ್ಪ ನೆನೆದು ಮುದ್ದೆಯಾಗಿ ಪಂಚಾಯಿತಿಗೆ ಓಡಿಬಂದ. ಅಂಗೈಯಲ್ಲಿ ಏರಿಯ ಬುಡದ ನೀರು ಹಿಡಿದುಕೊಂಡು ಬಂದಿದ್ದ. ಬೆರಳ ಸಂದಿಯಿಂದ ಎಲ್ಲ ಸೋರಿ ಹೋಗಿ ಕೆಂಪು ಮಣ್ಣು ಮಾತ್ರ ಉಳಿದಿತ್ತು. ಮಮತ ಮೇಡಂ ದೇವನಹಳ್ಳಿಗೆ ಫೋನ್ ಮೇಲೆ ಫೋನ್ ಮಾಡಿದರು. ಎಂಜಿನಿಯರ್ ಬಂದು ನೋಡಬೇಕು, ಇಲ್ಲವೇ ಅಧ್ಯಕ್ಷರು ಹೇಳಬೇಕು ಅಂತ ಆ ಕಡೆಯಿಂದ ಬಂತು.

ಸೊಣ್ಣಪ್ಪ ಹಾರೆ ಹಿಡಿದು ಕೋಡಿಗೆ ಹೋದ. ಮೂಟೆಗಳ ಮೇಲೆ, ಮಳೆಯಲ್ಲಿ, ಬಿಳಿ ಪಂಚೆ ಮೊಣಕಾಲಿಗೆ ಎತ್ತಿ ಅಧ್ಯಕ್ಷರು ಕೂತಿದ್ದರು. ನರೇಶನೂ ಅವನ ಕಡೆಯ ನಾಲ್ಕು ಜನವೂ ಸುತ್ತ ನಿಂತಿದ್ದರು.

"ಅಣ್ಣ, ಏರಿ ಒಡೀತೈತೆ. ಕೈ ಮುಗೀತೀನಿ, ಎದ್ದೇಳಿ."

"ಯಾವೂರ್ಲಾ ನಿಂದು?" ಅಂದರು ಚಿಕ್ಕವೆಂಕಟಪ್ಪನವರು. "ನಮ್ಮೂರ ನೀರು ಕದಿಯಕ್ಕೆ ಬಂದಿದ್ದೀಯಾ? ನನ್ನ ಹೆಣದ ಮೇಲೆ ತಕ್ಕೊಂಡು ಹೋಗು."

ಸೊಣ್ಣಪ್ಪ ನರೇಶನ ಕಡೆ ತಿರುಗಿದ. ನರೇಶನ ಮುಖ ಬಿಳಿಚಿಕೊಂಡಿತ್ತು, ಅವನಿಗೂ ಅರ್ಥವಾಗಿತ್ತು. "ಅಪ್ಪಾಜಿ, ಸಾಕು, ಬನ್ನಿ" ಅಂತ ತೋಳು ಹಿಡಿದ. ಅಪ್ಪ ಅವನ ಕೈ ಕಚ್ಚಿದರು. ಇಷ್ಟು ದಿನ ಯಾರ ಮಾತನ್ನು ಮೀರಬಾರದು ಅಂತ ಊರಿಗೆಲ್ಲ ಹೇಳಿದ್ದನೋ, ಅವರನ್ನು ಎತ್ತಿ ಪಕ್ಕಕ್ಕಿಡಲು ಈಗ ಅವನ ಜನವೇ ಮುಂದೆ ಬರಲಿಲ್ಲ. ಸೊಣ್ಣಪ್ಪ ಒಂದು ಮೂಟೆಗೆ ಹಾರೆ ಹಾಕಿದ. ಹಿಂದಿನಿಂದ ಇಬ್ಬರು ಅವನನ್ನು ಹಿಡಿದು ಕೆಳಗೆ ದಬ್ಬಿದರು.

ಅವನು ಎದ್ದು ಮತ್ತೆ ಅತ್ತ ಹೋಗಲಿಲ್ಲ. ಕೆಳಗಿನ ಬೀದಿಗೆ ಓಡಿದ. ಒಂದು ಎಣ್ಣೆ ಡಬ್ಬ ಬಡಿಯುತ್ತಾ ಮನೆಮನೆಗೆ ನುಗ್ಗಿ, ಕೂಸುಗಳನ್ನು ಎತ್ತಿ ಅಮ್ಮಯಮ್ಮನ ಕೈಗೆ ಕೊಟ್ಟ. ಬೈಯುತ್ತಲೇ ಜನ ಹೊರಗೆ ಬಂದರು. ಒಂದೂವರೆಗೆ ಹದಿನಾಲ್ಕು ಮನೆಯೂ ಖಾಲಿ. ಎಲ್ಲರೂ ಶಾಲೆಯ ದಿಬ್ಬದ ಮೇಲೆ. ಆಗ ಮುನಿಶಾಮಪ್ಪ, "ಹಸು ಕಟ್ಟಿದ್ ಕಟ್ದಂಗೇ ಅವೆ" ಅಂತ ಇಳಿದ. ಸೊಣ್ಣಪ್ಪ ಅವನ ಅಂಗಿ ಹಿಡಿದುಕೊಂಡ. ಅಂಗಿ ಹರಿದು ಕೈಯಲ್ಲಿ ಉಳಿಯಿತು.

ಗುಡುಗು ಅಂದುಕೊಂಡೆವು. ಆಮೇಲೆ ಏರಿ ಬಾಯ್ಬಿಟ್ಟು ಅದರ ನಡುವೆ ಆಕಾಶ ಕಂಡಿತು. ಕೆಳಗಿನ ಬೀದಿ ಇದ್ದ ಕಡೆ ಕೆಂಪು ನೀರು, ಅದರಲ್ಲಿ ಹೆಂಚು, ಮಂಚ, ಗ್ಯಾಸ್ ಸಿಲಿಂಡರು. ಮುನಿಶಾಮಪ್ಪ ಸಿಕ್ಕಿದ್ದು ಭಾನುವಾರ, ಎರಡು ಕಿಲೋಮೀಟರ್ ಕೆಳಗೆ. ಹಸುಗಳ ಹಗ್ಗ ಬಿಚ್ಚಿದ್ದ.

ವಿಚಾರಣೆಗೆ ಅಂತ ಒಬ್ಬ ಅಧಿಕಾರಿ ಬಂದರು. ಅದೇ ಸಮುದಾಯ ಭವನ. ಸೊಣ್ಣಪ್ಪ ಎಲ್ಲವನ್ನೂ ಹೇಳಿದ.

"ನೀವು ಡಾಕ್ಟ್ರಾ?" ಅಂದರು ಅಧಿಕಾರಿ.

"ಅಲ್ಲ ಸ್ವಾಮಿ. ನೀರು ಬಿಡೋನು."

"ಸಭೇಲಿ ಅಧ್ಯಕ್ಷರು ನಿಮ್ಮ ಪ್ರಶ್ನೆಗೆ ಸರಿಯಾಗೇ ಉತ್ತರ ಕೊಟ್ಟರಂತಲ್ಲ?"

ಸೊಣ್ಣಪ್ಪ ನನ್ನ ಕಡೆ ನೋಡಿದ. ಆ ಮದುವೆಯ ಮಾತು ಅವನಿಗೆ ಗೊತ್ತಿರಲಿಲ್ಲ. ಅಧಿಕಾರಿ ನನ್ನನ್ನೂ ಕೇಳಿದರು. "ಹೌದು ಸಾರ್, ಸರಿಯಾಗಿ ಕೊಟ್ಟರು" ಅಂದೆ. ಅದು ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಿದೆ.

ಅಧ್ಯಕ್ಷರನ್ನು ಕೇಳಿದ್ದು ಒಂದೇ ಮಾತು, ಹೆಸರು ಏನು ಅಂತ. ನರೇಶ್ ಹೇಳಿದ. ಅಧಿಕಾರಿ ಬರೆದುಕೊಂಡರು. ನಿರೀಕ್ಷೆ ಮೀರಿದ ಮಳೆಯಿಂದ ಅನಾಹುತ ಅಂತ ವರದಿಯಾಯಿತು. ಮಮತ ಮೇಡಂಗೆ ವರ್ಗವಾಯಿತು. ಕೋಡಿ ಮೂಟೆಗೆ ಹಾರೆ ಹಾಕಿದ್ದಕ್ಕೆ ಸೊಣ್ಣಪ್ಪನ ಮೇಲೆ ಕೇಸಾಯಿತು, ಇನ್ನೂ ನಡೆಯುತ್ತಿದೆ.

ಈಗ ಅವನು ಹೊಸಕೋಟೆ ಹತ್ತಿರದ ಒಂದು ಕಾರ್ಖಾನೆಯಲ್ಲಿ ನೀರಿನ ಟ್ಯಾಂಕು ನೋಡಿಕೊಳ್ಳುತ್ತಾನೆ. ಕೋರ್ಟಿನ ವಾಯಿದೆ ಇದ್ದ ದಿನ ದೇವನಹಳ್ಳಿಗೆ ಹೋಗಿ ಸಹಿ ಹಾಕಿ, ಸಂಜೆ ಊರಿಗೆ ಬರುತ್ತಾನೆ. ಹೋದ ತಿಂಗಳು ಹಾಗೆ ಬಂದವನು ಬಸ್ ಇಳಿದಲ್ಲೇ ನಿಂತಿದ್ದ. ಬಸ್ ನಿಲ್ದಾಣದ ಮೇಲೆ ಆವತ್ತೇ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಜಿಲ್ಲಾ ಪಂಚಾಯಿತಿ ಚುನಾವಣೆಗೆ ಚಿಕ್ಕವೆಂಕಟಪ್ಪನವರ ಹೆಸರು ಪಕ್ಷದಲ್ಲಿ ಗಟ್ಟಿಯಾಗಿತ್ತು. ಗೆದ್ದರೆ ಇಂಥ ಮೂವತ್ತು ಊರು, ಹತ್ತಿಪ್ಪತ್ತು ಕೆರೆ ಅವರ ಸಹಿಯ ಕೆಳಗೆ ಬರುತ್ತವೆ. ಫೋಟೋದಲ್ಲಿ ಅವರು ನಗುತ್ತಿದ್ದರು, ಕೈ ಮುಗಿದಿದ್ದರು.

ನಾನು ಡೇರಿಯ ಬಾಗಿಲಲ್ಲಿದ್ದೆ. "ಬಾ ಸೊಣ್ಣಪ್ಪ, ಕಾಫಿ ಕುಡಿ" ಅಂದೆ.

ಅವನು ಬರಲಿಲ್ಲ. "ಅಣ್ಣಂಗೆ ಈಗ ಯಾರ ಗುರುತಾದ್ರೂ ಸಿಗ್ತೈತಾ?" ಅಂತ ಅಲ್ಲಿಂದಲೇ ಕೇಳಿದ.

"ರುಕ್ಮಿಣಮ್ಮನ್ನೂ ಗೊತ್ತು ಹಿಡಿಯಲ್ವಂತೆ" ಅಂದೆ. ಅಷ್ಟು ಮಟ್ಟಿಗಾದರೂ ನಾನು ಯಾರಿಗಾದರೂ ನಿಜ ಹೇಳಿದ್ದು ಅದೇ ಮೊದಲು.

ಸೊಣ್ಣಪ್ಪ ತಲೆಯಾಡಿಸಿ, ಚೀಲ ಹೆಗಲಿಗೇರಿಸಿ ಮನೆಯ ಕಡೆ ನಡೆದ. ಒಳಗೆ ನನ್ನ ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು. ನರೇಶ್. ಎತ್ತಿಕೊಂಡೆ. ಡೇರಿಯ ಸದಸ್ಯರನ್ನೆಲ್ಲ ನಾಳೆಯ ಸಭೆಗೆ ಕರೆತರಬೇಕಂತೆ, ಅಪ್ಪಾಜಿ ಮಾತಾಡುತ್ತಾರಂತೆ.