ನರ್ಸಕ್ಕ ಚುಚ್ಚಿದ ಬೆರಳುಗಳು

ಸೂಜಿಗಿಂತ ಹೆಚ್ಚು ನೋಯುತ್ತಿದ್ದದ್ದು ನರ್ಸಕ್ಕನ ಹೆಬ್ಬೆರಳು. ಚಿಕ್ಕವರಿದ್ದಾಗ ನಮ್ಮ ಉಂಗುರದ ಬೆರಳನ್ನು ಬುಡದಿಂದ ತುದಿಯವರೆಗೆ ಹಿಂಡಿ ಹಿಂಡಿ ಕೆಂಪಗೆ ಮಾಡಿ, "ಅಲ್ನೋಡು, ಎಮ್ಮಿ ಬಂತು" ಎಂದು ಚುಚ್ಚಿಬಿಡುತ್ತಿದ್ದರು. ಎಮ್ಮೆ ಒಂದು ದಿನವೂ ಬಂದದ್ದಿಲ್ಲ. ಸಿಂಧನೂರು, ಜವಳಗೇರಾ, ಮಸ್ಕಿ ಕಡೆಯ ಕಾಲುವೆ ಊರುಗಳಲ್ಲಿ ಮಲೇರಿಯಾ ಪರೀಕ್ಷೆಗೆ ರಕ್ತ ತೆಗೆಯುತ್ತಲೇ ಅವರ ನೌಕರಿ ಮುಗಿದಿತ್ತು. ನಿವೃತ್ತರಾದ ಮೇಲೆ ಮಸ್ಕಿಯಲ್ಲಿ ನಮ್ಮವ್ವನ ಮನೆಯ ಎದುರಿಗೇ ಇದ್ದರು. "ಮಂದಿ ಸುಳ್ಳು ಹೇಳಬೌದು, ನೆತ್ತರ ಹೇಳಂಗಿಲ್ಲ" ಎಂದು ಯಾವಾಗಲೂ ಹೇಳುವರು.

ಆ ನಂಬಿಕೆಯನ್ನೇ ಹಿಡಿದು ಅವರಿಗೆ ಮೋಸ ಮಾಡಿದರು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಸಿಂಧನೂರಿನಿಂದ ಟೈ ಕಟ್ಟಿಕೊಂಡವನೊಬ್ಬ ಬಂದ. ಮನೆಯಲ್ಲೇ ಮಾಡಿಕೊಳ್ಳುವ ರಕ್ತ ಪರೀಕ್ಷೆಯ ಡಬ್ಬಿಗಳನ್ನು ತಂದಿದ್ದ. ಬೆರಳು ಚುಚ್ಚಿ, ಒಂದು ಕಾಗದದ ಮೇಲೆ ಹನಿ ಬೀಳಿಸಿ ಅಂಚೆಗೆ ಹಾಕಿದರೆ ಯಾವುದೋ ದೇಶದ ಲ್ಯಾಬಿನಿಂದ ಫೋನಿಗೆ ವರದಿ ಬರುತ್ತಿತ್ತು: ನಿಮ್ಮ ಮೈಯಲ್ಲಿ ಒಮೆಗಾ ಆರು ಹೆಚ್ಚು, ಒಮೆಗಾ ಮೂರು ಕಡಿಮೆ, ಕೊಬ್ಬಿನ ಸಮತೋಲನ ಕೆಟ್ಟಿದೆ. ಎಲ್ಲರ ವರದಿಯೂ ಕೆಂಪು. ಅದಕ್ಕೆ ಮದ್ದು ಅವನ ಚೀಲದಲ್ಲೇ ಇತ್ತು, ಎಣ್ಣೆಯ ಬಾಟಲಿ. ಕೆಲವು ತಿಂಗಳು ಅದನ್ನು ಕುಡಿದು ಮತ್ತೆ ಚುಚ್ಚಿಕೊಂಡರೆ ವರದಿ ಹಸಿರು. ಎಣ್ಣೆ ಕುಡಿದವರ ರಕ್ತದಲ್ಲಿ ಎಣ್ಣೆ ಕಾಣಿಸದೆ ಇನ್ನೇನು ಕಾಣಿಸಬೇಕು? ಅದನ್ನೇ ದೊಡ್ಡ ಪವಾಡ ಮಾಡಿಬಿಟ್ಟರು.

ನಮ್ಮ ಓಣಿಯ ಹೆಂಗಸರು ಅವನಿಗೆ ಬೆರಳು ಕೊಡುತ್ತಿರಲಿಲ್ಲ. ನರ್ಸಕ್ಕನಿಗಾದರೆ ಕೇಳುವ ಮೊದಲೇ ಚಾಚುತ್ತಿದ್ದರು. ಅವನಿಗೆ ಬೇಕಾದದ್ದು ಅಷ್ಟೇ. ನೆತ್ತರಿನ ವರದಿ ತೋರಿಸಿ ನಂಬಿಸಿ ಅವರನ್ನು ತನ್ನ ಬಳಗಕ್ಕೆ ಸೇರಿಸಿಕೊಂಡ. ಜವಳಗೇರಾದಿಂದ ಗುರುಗುಂಟಾದವರೆಗೆ ನರ್ಸಕ್ಕ ಬೆರಳು ಚುಚ್ಚಿದರು, ನಮ್ಮವ್ವನದನ್ನೂ.

ಜವಳಗೇರಾದಲ್ಲಿ ಅಕ್ಕಿ ಗಿರಣಿಗೆ ದುಡಿಯಲು ಹೋಗುವ ಒಬ್ಬಾಕೆ ಇದ್ದಳು. ಅವಳ ವರದಿ ಹಸಿರಾಗಿ ತಿಂಗಳು ಕಳೆಯುವುದರೊಳಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ನೋಡಲು ಹೋದ ನರ್ಸಕ್ಕನಿಗೆ ಅವಳ ಗಂಡ, "ಬಿಪಿ ಗುಳಿಗಿ ಬಿಟ್ಟಿದ್ಲರಿ ಅಕ್ಕಾರ. ಹಸರು ಬಂದೈತಿ, ಇನ್ನ ಗುಳಿಗಿ ಯಾಕ ಅಂದ್ರಂತ ಆ ಟೈದವರು" ಎಂದ.

ಮರುದಿನವೇ ನರ್ಸಕ್ಕ ಲಿಂಗಸುಗೂರಿನಲ್ಲಿದ್ದ ನನ್ನನ್ನು ಕರೆಸಿಕೊಂಡು, ಸಿಂಧನೂರಿನಲ್ಲಿ ನಡೆಯುತ್ತಿದ್ದ ಅವನ ಸಭೆಗೆ ನುಗ್ಗಿದರು.

"ಲೇ ತಮ್ಮಾ, ಗುಳಿಗಿ ಬಿಡು ಅಂತ ಯಾಕ ಹೇಳ್ದಿ? ಜವಳಗೇರಾದಾಕಿ ಕೈ ಬಿದ್ದೈತಿ."

"ನಾ ಬಿಡ್ರಿ ಅಂದಿಲ್ಲರಿ ಅಮ್ಮಾರ. ನಿಮ್ಮ ದೇಹದ ಮಾತು ಕೇಳ್ರಿ ಅಂದೀನಿ, ಅಷ್ಟ."

"ಬಿಪಿ ಮಾತಾಡಂಗಿಲ್ಲಲೇ! ಮಾತಾಡ್ದಂಗ ಬಂದು ಕೆಡವತೈತಿ!"

ಅವನು ನಕ್ಕು ಮೈಕನ್ನು ಇನ್ನೊಬ್ಬನ ಕೈಗೆ ಕೊಟ್ಟ. ಜನ ಚಪ್ಪಾಳೆ ತಟ್ಟಿದರು! ಒಬ್ಬಳ ಕೈ ಬಿದ್ದ ಸುದ್ದಿ ಕೇಳಿದ ಮೇಲೂ ಆ ಕೈಗಳು ತಟ್ಟುತ್ತಲೇ ಇದ್ದವು.

ಆಮೇಲೆ ನರ್ಸಕ್ಕ ತಾವು ಚುಚ್ಚಿದ ಪ್ರತಿ ಬೆರಳಿನ ಮನೆ ಹುಡುಕಿಕೊಂಡು ಹೊರಟರು. ಬಿಪಿ ಯಂತ್ರ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದರು, ಆಟೋ ಹಿಡಿದರು, ಬಿಸಿಲಲ್ಲಿ ನಡೆದರು. "ಅವಾಗ ಎಣ್ಣಿ ತಗೋ ಅಂದ್ರಿ, ಈಗ ಬ್ಯಾಡ ಅಂತೀರಿ, ನಿಮ್ಮ ಬಾಯಿಗೆ ಭರವಸೆ ಏನೈತಿ?" ಎಂದು ಬೈದವರೂ ಇದ್ದರು. ನಿಂತು ಬೈಸಿಕೊಂಡರು, ಆಮೇಲೆ ಬಿಪಿ ನೋಡಿಯೇ ಹೊರಟರು. ಬೈಸಿಕೊಳ್ಳಬೇಕಾದವನು ಸಿಂಧನೂರಿನಲ್ಲಿ ಹೊಸ ಕಾರು ಓಡಿಸುತ್ತಿದ್ದ.

ನಮ್ಮವ್ವನೂ ಗುಳಿಗೆ ಬಿಟ್ಟಿದ್ದಳು. ನನಗೂ ಹೇಳಿರಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಯಂತ್ರ ನೋಡಿದ ನರ್ಸಕ್ಕನ ಮುಖ ಬಿಳಿಚಿಕೊಂಡಿತಂತೆ. "ನಾ ತಪ್ಪಿದೆ ಯವ್ವಾ. ನನ್ನ ಮಾತು ಕೇಳಿ ನೀ ಸಾಯಬ್ಯಾಡ" ಎಂದು ಅಳುತ್ತಲೇ ಅವಳನ್ನು ಆಟೋದಲ್ಲಿ ಕೂಡಿಸಿಕೊಂಡು ದವಾಖಾನೆಗೆ ಒಯ್ದರು. ಇನ್ನು ನಾಲ್ಕು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅವ್ವ ಇವತ್ತು ನನ್ನ ಕಣ್ಣೆದುರಿಗೆ ಓಡಾಡಿಕೊಂಡಿರುವುದು ನರ್ಸಕ್ಕನಿಂದ.

ಜವಳಗೇರಾದವಳ ಕೈಯನ್ನು ಮಾತ್ರ ಅವರಿಗೆ ಎಬ್ಬಿಸಲಾಗಲಿಲ್ಲ. ವಾರವಾರ ಹೋಗಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಚಿ ವ್ಯಾಯಾಮ ಮಾಡಿಸುತ್ತಿದ್ದರು. ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ನರ್ಸಕ್ಕ ತೀರಿಕೊಂಡರು.

ಮಣ್ಣು ಮಾಡಿ ಬಂದ ಮರುದಿನ ಮಸ್ಕಿ ಬಸ್‌ಸ್ಟ್ಯಾಂಡಿನ ಕಂಬಿಗೆ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ್ದರು. ನಡುವೆ ನರ್ಸಕ್ಕನ ಫೋಟೋ. ಕೆಳಗೆ "ನಮ್ಮ ಬಳಗದ ಹೆಮ್ಮೆಯ ಆರೋಗ್ಯ ನಾಯಕಿ". ಪಕ್ಕದಲ್ಲಿ ಎಣ್ಣೆಯ ಬಾಟಲಿ, ಟೈ ಕಟ್ಟಿದವನ ನಗುಮುಖ, ಅವನ ಫೋನ್ ನಂಬರು! ಸತ್ತವರನ್ನೂ ವ್ಯಾಪಾರಕ್ಕೆ ನಿಲ್ಲಿಸಿದ್ದರು.

ಸುದ್ದಿ ಕೇಳಿ ನನ್ನ ಜೊತೆ ಬಂದಿದ್ದ ಅವ್ವ ಸೆರಗಿನೊಳಗಿಂದ ತರಕಾರಿ ಹೆಚ್ಚುವ ಚಾಕು ತೆಗೆದಳು. ನರ್ಸಕ್ಕನ ಮುಖದ ಸುತ್ತ ಕುಯ್ಯತೊಡಗಿದಳು. ಬಸ್ಸಿಗೆ ಕಾದಿದ್ದವರೊಬ್ಬರು "ಯಾಕಬೇ, ಹರಿಯಾಕತ್ತೀಯಲ್ಲ?" ಎಂದು ಕೂಗಿದರು.

"ಬಾಟ್ಲಿ ಅವರದು, ಅವರ ಇಟ್ಕೊಳ್ಳಿ" ಎಂದಳು ಅವ್ವ, ತಿರುಗಿ ನೋಡದೆ, ನರ್ಸಕ್ಕನ ಮುಖದ ಮೇಲೆ ಕೈಯಿಟ್ಟು. "ಈ ಮಾರಿ ನಮ್ಮದು."

ಫ್ಲೆಕ್ಸ್ ಗಾಳಿಗೆ ಅಲುಗಾಡಿ ಚಾಕು ಜಾರುತ್ತಿತ್ತು. ನಾನು ಹೋಗಿ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದೆ.